ಒರಗು ಸೈಕಲ್‌ಗೆ ಹ್ಯಾಂಡಲ್, ಸೀಟು, ಪೆಡಲ್ ಹೊಂದಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಬೆನ್ನು ಒರಗಿಸಿ, ಕಾಲು ಮುಂದೆ ಚಾಚಿ ತುಳಿಯುವ ರಿಕಂಬೆಂಟ್ ಸೈಕಲ್ ಹುಬ್ಬಳ್ಳಿ-ಧಾರವಾಡದ ಕಡೆ ಇನ್ನೂ ಅಪರೂಪದ ಗಾಡಿ. ಅಂಗಡಿಗೆ ಹೋಗಿ ಕೂತು, ಅಳತೆ ನೋಡಿ ಕೊಳ್ಳುವ ಅನುಕೂಲ ಇಲ್ಲದ್ದರಿಂದ ಹಳೆಯದನ್ನು ಕೊಂಡರೂ, ಪೆಟ್ಟಿಗೆಯಲ್ಲಿ ತರಿಸಿ ಜೋಡಿಸಿದರೂ ಹೊಂದಿಸುವ ಕೆಲಸ ಕೊಂಡವರ ಕೊರಳಿಗೇ ಬೀಳುತ್ತದೆ. ಜನ ಕೇಳುವ ಧಾಟಿಯಲ್ಲೇ ಪ್ರಶ್ನೆಗಳನ್ನು ಇಟ್ಟಿದ್ದೇನೆ. ಎಲ್ಲ ಓದಲು ಪುರಸೊತ್ತಿಲ್ಲದವರು ಮೊದಲ ಮೂರು ಉತ್ತರ ಓದಿಕೊಂಡರೆ ಗಾಡಿ ಹತ್ತಬಹುದು.

ಹ್ಯಾಂಡಲ್ ನನಗ ದೂರ ಆಗೇತ್ರಿ. ಮೊದಲ ಅದನ್ನ ಹತ್ರ ಎಳಕೊಳ್ಲೇನು?

ಬೇಡ. ಹ್ಯಾಂಡಲ್ ಸರದಿ ಕೊನೆಗೆ. ಮೊದಲು ಸೀಟು, ಆಮೇಲೆ ಪೆಡಲ್ ದೂರ, ಅವೆರಡೂ ಕುದುರಿದ ಮೇಲೆ ಹ್ಯಾಂಡಲ್.

ಸಾದಾ ಸೈಕಲ್‌ನಲ್ಲಿ ಮೈಭಾರದ ಒಂದು ಪಾಲು ಕೈ ಮೇಲೆ ಬೀಳುತ್ತದೆ. ಅದಕ್ಕೇ ಅಲ್ಲಿ ಹ್ಯಾಂಡಲ್ ಎತ್ತರ ತುಸು ತಪ್ಪಿದರೂ ಅಂಗೈ, ಭುಜ, ಸೊಂಟ ಮೂರೂ ದೂರು ಹೇಳುತ್ತವೆ. ಒರಗು ಸೈಕಲ್‌ನಲ್ಲಿ ಭಾರ ಹೊರುವುದು ಬೆನ್ನು ಮತ್ತು ಕುಂಡಿ. ಕೈಗಳಿಗೆ ತಿರುಗಿಸುವುದು, ಬ್ರೇಕ್ ಹಿಡಿಯುವುದು, ಗೇರ್ ಬದಲಿಸುವುದು, ಇಷ್ಟೇ ಕೆಲಸ. ಹಾಗಾಗಿ ಕೈ ತಾನಾಗಿ ಎಲ್ಲಿ ಬಂದು ನಿಲ್ಲುತ್ತದೋ ಅಲ್ಲಿಗೆ ಹ್ಯಾಂಡಲ್ ತರಬೇಕು. ಕೈ ಎಲ್ಲಿ ನಿಲ್ಲಬೇಕು ಅನ್ನುವುದನ್ನು ಸೀಟು ಮತ್ತು ಪೆಡಲ್ ಮೊದಲೇ ಗೊತ್ತುಮಾಡಿರುತ್ತವೆ.

ಹ್ಯಾಂಡಲ್ ದೂರ ಎಂದು ಬರುವ ದೂರುಗಳಲ್ಲಿ ಬಹಳಷ್ಟು ನಿಜಕ್ಕೂ ಸೀಟಿನ ದೂರುಗಳೇ. ಸೀಟು ಅತಿಯಾಗಿ ಮಲಗಿರುತ್ತದೆ, ಇಲ್ಲವೇ ಪೆಡಲ್ ದೂರವಾಗಿ ಸವಾರ ಪ್ರತಿ ತುಳಿತಕ್ಕೂ ಕೆಳಕ್ಕೆ ಜಾರುತ್ತಿರುತ್ತಾನೆ. ಜಾರಿದವನು ಹ್ಯಾಂಡಲ್ ಹಿಡಿದು ತನ್ನನ್ನು ಮೇಲಕ್ಕೆ ಎಳೆದುಕೊಳ್ಳುತ್ತಾನೆ. ಹ್ಯಾಂಡಲ್ ಒಮ್ಮೆ ಆಸರೆಯಾಯಿತೋ, ಗಾಡಿ ನೆಟ್ಟಗೆ ಹೋಗುವುದು ಮುಗಿಯಿತು.

ಸೀಟ ಎಷ್ಟ ಮಲಗಸಬೇಕ್ರಿ?

ಪೂರ್ತಿ ಮಲಗಿದರೆ 0 ಡಿಗ್ರಿ, ನೆಟ್ಟಗೆ ಕೂತರೆ 90 ಎಂದು ಲೆಕ್ಕ ಇಟ್ಟುಕೊಳ್ಳಿ. ಓಟಕ್ಕೆಂದೇ ಮಾಡಿದ ತಗ್ಗು ಗಾಡಿಗಳ ಸೀಟು 20ರಿಂದ 30 ಡಿಗ್ರಿಯಲ್ಲಿರುತ್ತದೆ. ಊರೊಳಗೆ, ಊರಿಂದೂರಿಗೆ ಓಡಾಡುವವರಿಗೆ 40ರಿಂದ 50 ಸಾಕು. ಹೊಸಬರು 50ರ ಹತ್ತಿರ ಶುರು ಮಾಡಲಿ ಅನ್ನುವುದು ನನ್ನ ಮಾತು. ಅಳೆಯಲು ಮೊಬೈಲ್‌ನಲ್ಲಿ ಕೋನ ತೋರಿಸುವ ಆ್ಯಪ್ ಇರುತ್ತದೆ. ಫೋನನ್ನು ಸೀಟಿನ ಬೆನ್ನಿಗೆ ಆನಿಸಿ ನೋಡಿದರಾಯಿತು.

ಹೆಚ್ಚು ಮಲಗಿದಷ್ಟು ಗಾಳಿ ಕಡಿಮೆ ತಾಗುತ್ತದೆ, ಅದು ನಿಜ. ಆಷಾಢದಲ್ಲಿ ಗದಗಿನಿಂದ ಹುಬ್ಬಳ್ಳಿ ಕಡೆ ತುಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಣ್ಣಿಗೇರಿ ದಾಟಿದ ಮೇಲೂ ಪಡುವಣ ಗಾಳಿ ಎದೆಗೇ ಒದೆಯುತ್ತಿರುತ್ತದೆ. ಆದರೆ ಮಲಗಿದಷ್ಟೂ ಕುತ್ತಿಗೆ ಎತ್ತಿ ಹಿಡಿಯಬೇಕು, 30ಕ್ಕಿಂತ ಕೆಳಗೆ ಹೋದರೆ ತಲೆಗೆ ಆಸರೆ ಬೇಕೇ ಬೇಕು. ಸಾಲದ್ದಕ್ಕೆ ನಿಮ್ಮ ಪಾದಗಳೇ ಮುಂದಿನ ರಸ್ತೆಯನ್ನು ಮರೆ ಮಾಡುತ್ತವೆ. ಬಣ್ಣ ಬಳಿಯದ ಹಂಪುಗಳಿರುವ ನಮ್ಮ ರಸ್ತೆಗಳಲ್ಲಿ ಇದು ಸಣ್ಣ ಮಾತಲ್ಲ. ಅಭ್ಯಾಸವಾದ ಮೇಲೆ ಒಂದು ಸಲಕ್ಕೆ ಎರಡು-ಮೂರು ಡಿಗ್ರಿ ಇಳಿಸುತ್ತ ಹೋಗಿ.

ಜಾಳಿಗೆಯ ಸೀಟಿದ್ದರೆ ಇನ್ನೊಂದು ನೋಡುವುದಿದೆ. ಬಟ್ಟೆ ಸಡಿಲಾಗಿ ಜೋತು ಬಿದ್ದರೆ ಮೈ ಒಳಗಿಳಿದು ಎಲ್ಲ ಅಳತೆಯೂ ಕೆಡುತ್ತದೆ, ಬೆನ್ನ ಹಿಂದಿನ ಅಡ್ಡ ಕೊಳವೆ ಚುಚ್ಚಲು ಶುರುವಾಗುತ್ತದೆ. ಹಿಂದಿನ ಪಟ್ಟಿಗಳನ್ನು ಮೊದಲು ಬಿಗಿ ಮಾಡಿ, ಆಮೇಲೆ ಅಳತೆ. ಬೇಸಿಗೆಯಲ್ಲಿ ಬೆನ್ನಿಗೆ ಗಾಳಿ ಆಡುವುದು ಈ ಜಾಳಿಗೆಯಲ್ಲೇ. ಸ್ಪಂಜಿನ ಸೀಟಿನವರು ಅಂಗಿ ಹಿಂಡಿಕೊಳ್ಳಬೇಕಾಗುತ್ತದೆ.

ಪೆಡಲ್ ಎಷ್ಟ ದೂರ ಇರಬೇಕು ಅನ್ನೋದು ಹ್ಯಾಂಗ ತಿಳಿಯೂದು?

ಇದೊಂದಕ್ಕೆ ಅರ್ಧ ದಿನ ಹೋದರೂ ಹೋಗಲಿ. ಮೊಣಕಾಲು ಉಳಿಯುವುದು, ಕೆಡುವುದು ಇಲ್ಲೇ.

ಹೆಚ್ಚಿನ ಗಾಡಿಗಳಲ್ಲಿ ಪೆಡಲ್‌ಗಳು ಬೂಮ್ ಅನ್ನುವ ಕೊಳವೆಯ ತುದಿಯಲ್ಲಿರುತ್ತವೆ. ಬೂಮ್ ಫ್ರೇಮಿನೊಳಗೆ ತೂರಿಕೊಂಡಿದ್ದು ಹಿಂದೆ ಮುಂದೆ ಸರಿಯುತ್ತದೆ, ಒಂದೆರಡು ಬೋಲ್ಟಿನ ಕ್ಲ್ಯಾಂಪ್ ಅದನ್ನು ಬಿಗಿ ಹಿಡಿಯುತ್ತದೆ. ಮುಂದಿನ ಗಾಲಿ ಪೆಡಲ್‌ಗಿಂತ ಮುಂದಿರುವ ಉದ್ದನೆಯ ಗಾಡಿಗಳಲ್ಲಿ ಸಾಮಾನ್ಯವಾಗಿ ಪೆಡಲ್ ಇದ್ದಲ್ಲೇ ಇದ್ದು ಸೀಟು ಸರಿಯುತ್ತದೆ. ಅಳತೆ ಎರಡಕ್ಕೂ ಒಂದೇ.

ಗಾಡಿಯನ್ನು ಗೋಡೆಗೆ ಒರಗಿಸಿ, ಇಲ್ಲವೇ ಮನೆಯವರೊಬ್ಬರಿಗೆ ಹಿಡಿದುಕೊಳ್ಳಲು ಹೇಳಿ. ತುಳಿಯುವಾಗ ಹಾಕುವ ಬೂಟನ್ನೇ ಹಾಕಿಕೊಳ್ಳಿ. ಕುಂಡಿಯನ್ನು ಸೀಟಿನ ಮೂಲೆಗೆ ಪೂರ್ತಿ ಒತ್ತಿ ಕೂತು, ಒಂದು ಪೆಡಲನ್ನು ಅತಿ ದೂರದ ಜಾಗಕ್ಕೆ ತನ್ನಿ. ಹಿಮ್ಮಡಿಯನ್ನು ಪೆಡಲ್ ಮೇಲಿಟ್ಟರೆ ಕಾಲು ಆಗಷ್ಟೇ ನೆಟ್ಟಗಾಗಬೇಕು, ಅದಕ್ಕಾಗಿ ಸೊಂಟ ಓರೆಯಾಗಬಾರದು. ಈಗ ಹೆಬ್ಬೆರಳ ಬುಡವನ್ನು ಪೆಡಲ್ ನಡುವೆ ಇಡಿ. ಮೊಣಕಾಲು ತುಸು ಮಡಚಿರುತ್ತದೆ, ಹೆಚ್ಚುಕಡಿಮೆ 25ರಿಂದ 30 ಡಿಗ್ರಿ. ಶುರುವಿಗೆ ಇದು ಸರಿಯಾದ ಜಾಗ.

ಬೂಮ್ ಬೋಲ್ಟು ಸಡಿಲಿಸುವ ಮೊದಲು ಈಗಿರುವ ಜಾಗಕ್ಕೆ ಮಾರ್ಕರ್ ಪೆನ್ನಿನಿಂದ ಗೆರೆ ಎಳೆದುಕೊಳ್ಳಿ. ಸಡಿಲಾದ ಬೂಮ್ ಹಿಂದೆ ಮುಂದೆ ಸರಿಯುವುದಲ್ಲದೆ ಗುಂಡಗೂ ತಿರುಗುತ್ತದೆ. ಪೆಡಲ್‌ನ ಅಚ್ಚು ಓರೆಯಾದರೆ ಒಂದು ಮೊಣಕಾಲಿಗೆ ಮಾತ್ರ ನೋವು ಬರುತ್ತದೆ, ಕಾರಣ ಸುಲಭಕ್ಕೆ ಸಿಗುವುದಿಲ್ಲ. ಗೌಂಡಿಗಳ ರಸಮಟ್ಟ ಒಂದಿದ್ದರೆ ಗಾಡಿ ನೆಟ್ಟಗೆ ನಿಲ್ಲಿಸಿ ಅಚ್ಚಿನ ಜಾಗಕ್ಕೆ ಅಡ್ಡ ಇಟ್ಟು ನೋಡಿ. ಬೂಮ್ ಮೇಲೆ ಇಷ್ಟಕ್ಕಿಂತ ಹೊರಗೆ ಎಳೆಯಬೇಡಿ ಎಂಬ ಗೆರೆ ಇರುತ್ತದೆ. ನಿಮ್ಮ ಕಾಲಿಗೆ ಅದನ್ನೂ ದಾಟಿ ಎಳೆಯಬೇಕಾಗಿ ಬಂದರೆ ಆ ಗಾಡಿ ನಿಮ್ಮ ಅಳತೆಯದಲ್ಲ, ಇಲ್ಲವೇ ಉದ್ದದ ಬೂಮ್ ಹಾಕಿಸಬೇಕು.

ನಾಲ್ಕಾರು ಕಿಲೋಮೀಟರ್ ಹೋಗಿ ಬಂದು ಮತ್ತೆ ನೋಡಿ, ಸೀಟಿನಲ್ಲಿ ಮೈ ಕೂರುವ ಜಾಗ ಅಷ್ಟರಲ್ಲಿ ಬದಲಾಗಿರುತ್ತದೆ. ಮೊಣಕಾಲಿನ ಮುಂಭಾಗ ನೋಯುತ್ತಿದ್ದರೆ ಪೆಡಲ್ ಹತ್ತಿರವಾಗಿರಬಹುದು, ಇಲ್ಲವೇ ನೀವು ಭಾರದ ಗೇರಿನಲ್ಲಿ ತುಳಿಯುತ್ತಿರಬಹುದು. ಹಿಂಭಾಗ ಸೆಳೆಯುತ್ತಿದ್ದರೆ ಪೆಡಲ್ ದೂರ. ಒಂದು ಸಲಕ್ಕೆ 5 ಮಿ.ಮೀ.ಗಿಂತ ಹೆಚ್ಚು ಸರಿಸಬೇಡಿ. ಎರಡು ದಿನ ತುಳಿದು ನೋಡಿ, ಆಮೇಲೆ ಮುಂದಿನ 5.

ಇನ್ನೂ ಕೊಂಡಿಲ್ಲ. ನನ್ನ ಕಾಲಿಗೆ ಆಗ್ತೈತೋ ಇಲ್ಲೋ ಮೊದಲ ಗೊತ್ತಾಗೂದ ಹ್ಯಾಂಗ?

ಗೋಡೆಗೆ ಬೆನ್ನು ಹಚ್ಚಿ ನೆಲದ ಮೇಲೆ ಕೂತು ಕಾಲು ನೀಡಿ, ಪಾದ ನೆಟ್ಟಗಿರಲಿ. ಗೋಡೆಯಿಂದ ಹಿಮ್ಮಡಿಯ ತಳದವರೆಗೆ ಟೇಪು ಹಿಡಿದು ಸೆಂಟಿಮೀಟರ್‌ನಲ್ಲಿ ಬರೆದುಕೊಳ್ಳಿ. ಒರಗು ಸೈಕಲ್ ಮಾಡುವ ಕಂಪನಿಗಳು ಈ ಅಳತೆಯನ್ನೇ ಕೇಳುತ್ತವೆ. ಎತ್ತರ ಒಂದೇ ಇದ್ದರೂ ಕಾಲಿನ ಉದ್ದ ಒಬ್ಬೊಬ್ಬರದು ಒಂದೊಂದು ಥರ, ಅದಕ್ಕೆ ನಿಮ್ಮ ಎತ್ತರವನ್ನಷ್ಟೇ ಕೇಳಿ ‘ಆಗ್ತೈತಿ ತಗೋರಿ’ ಅನ್ನುವವರಿಂದ ಕೊಳ್ಳಬೇಡಿ. ಕೂತಾಗ ಎರಡೂ ಪಾದ ನೆಲಕ್ಕೆ ಊರುತ್ತವೆಯೇ ಅನ್ನುವುದನ್ನೂ ನೋಡಿ. ದೊಡ್ಡ ಗಾಲಿಯ ಎತ್ತರದ ಗಾಡಿಗಳಲ್ಲಿ ಗಿಡ್ಡ ಇರುವವರಿಗೆ ಬೆರಳ ತುದಿ ಮಾತ್ರ ತಾಗುತ್ತದೆ, ಸಿಗ್ನಲ್‌ನಲ್ಲಿ ನಿಂತಾಗ ಎದೆ ಡವಡವ ಅನ್ನುತ್ತದೆ.

ಬೂಮ್ ಮುಂದ ಸರಿಸಿದೆ, ಈಗ ಚೈನ್ ಬಿಗಿ ಆತು.

ಆಗಲೇಬೇಕು. ಚೈನು ಮುಂದೆ ಹೋಗಿ ತಿರುಗಿ ಬರುವುದರಿಂದ ಬೂಮ್ 1 ಸೆಂ.ಮೀ. ಹೊರಗೆ ಬಂದರೆ ಚೈನು 2 ಸೆಂ.ಮೀ. ಹೆಚ್ಚು ಬೇಕು. ಗೇರ್ ಬದಲಿಸುವಾಗ ಚೈನನ್ನು ಸರಿಸುವ ಹಿಂದಿನ ಡಿರೇಲರ್ ಸ್ವಲ್ಪವನ್ನು ನುಂಗಿಕೊಳ್ಳುತ್ತದೆ, ಅದಕ್ಕೂ ಒಂದು ಮಿತಿ ಇದೆ. ಚೈನನ್ನು ಮುಂದಿನ ದೊಡ್ಡ ಹಲ್ಲುಚಕ್ರಕ್ಕೂ ಹಿಂದಿನ ದೊಡ್ಡ ಹಲ್ಲುಚಕ್ರಕ್ಕೂ ಹಾಕಿ ಪೆಡಲನ್ನು ಕೈಯಲ್ಲಿ ತಿರುಗಿಸಿ ನೋಡಿ. ಡಿರೇಲರ್ ಪೂರ್ತಿ ಮುಂದಕ್ಕೆ ಸೆಳೆದು ನಿಂತರೆ ಚೈನಿಗೆ ತುಂಡು ಸೇರಿಸಬೇಕು. ಒಂದು ಇಂಚು ಬೂಮಿಗೆ ಎರಡು ಇಂಚು ಚೈನು, ಅಂದರೆ ಅರ್ಧ ಇಂಚಿನ ನಾಲ್ಕು ಕೊಂಡಿ. ಇದನ್ನು ನೋಡದೆ ರಸ್ತೆಗಿಳಿದು ಎರಡೂ ಕಡೆ ದೊಡ್ಡ ಹಲ್ಲುಚಕ್ರಕ್ಕೆ ಹಾಕಿದರೆ ಡಿರೇಲರ್ ಮುರಿಯಬಹುದು.

ಈಗ ಹ್ಯಾಂಡಲ್ ಮಾತ ಹೇಳ್ರಿ.

ಬಂದೆ. ಸೀಟಿನ ಮೇಲ್ಭಾಗದ ಹ್ಯಾಂಡಲ್‌ಗಳಲ್ಲಿ ಎರಡು ಜಾತಿ. ಒಂದು, ಕಾಲುಗಳ ನಡುವಿನಿಂದ ಉದ್ದನೆಯ ಕಂಬ ಎದ್ದು ಹಿಂದಕ್ಕೆ ಬಾಗಿ, ಎರಡೂ ಕೈ ಎದೆಯ ಮುಂದೆ ಹತ್ತಿರ ಹತ್ತಿರ ಇರುವಂಥದ್ದು, ಮೊಣಕೈ ಮಡಚಿರುತ್ತದೆ. ಇನ್ನೊಂದು, ಅಗಲವಾಗಿದ್ದು ಕೈ ಚಾಚಿ ಹಿಡಿಯುವಂಥದ್ದು. ಸೀಟಿನ ಕೆಳಗಿನದ್ದು ಬೇರೆಯೇ ಲೋಕ, ಮುಂದೆ ಬರುತ್ತದೆ.

ಹೊಂದಿಸುವುದು ಹೀಗೆ. ಸೀಟಿನಲ್ಲಿ ಬೆನ್ನು ಪೂರ್ತಿ ಆನಿಸಿ ಕೂತು ಕಣ್ಣು ಮುಚ್ಚಿ. ಭುಜ ಇಳಿಬಿಡಿ. ಹ್ಯಾಂಡಲ್ ಇದೆ ಅನ್ನುವುದನ್ನೇ ಮರೆತು ಎರಡೂ ಕೈಯನ್ನು ಆರಾಮ ಅನ್ನಿಸುವಷ್ಟು ಎತ್ತಿ ಹಿಡಿಯಿರಿ. ಈಗ ಕಣ್ಣು ಬಿಟ್ಟು, ಅಂಗೈಗಳಿಗೂ ಹ್ಯಾಂಡಲ್ ಹಿಡಿಗಳಿಗೂ ಎಷ್ಟು ಅಂತರ, ಯಾವ ದಿಕ್ಕಿಗೆ ಅಂತರ ಅನ್ನುವುದನ್ನು ಪಕ್ಕದಲ್ಲಿದ್ದವರಿಗೆ ನೋಡಲು ಹೇಳಿ. ಹಿಡಿ ಅಲ್ಲಿಗೆ ಬರಬೇಕು.

ಸರಿಪಡಿಸುವ ಜಾಗಗಳು ನಾಲ್ಕು ಇರಬಹುದು. ಕಂಬದ ಉದ್ದ, ಕಂಬದ ಬುಡದ ಕೀಲು, ಕಂಬದ ತಲೆಯ ಕ್ಲ್ಯಾಂಪಿನಲ್ಲಿ ಹ್ಯಾಂಡಲ್ ತಿರುಗಿರುವ ಕೋನ, ಮತ್ತು ಬ್ರೇಕ್ ಲಿವರ್‌ಗಳ ಕೋನ. ಇದೇ ಸರದಿಯಲ್ಲಿ ಹೋಗಿ. ಲಿವರ್ ಮೊದಲು ತಿರುಗಿಸಿ ಕೂತವರು ಅದನ್ನು ಮತ್ತೆ ಮತ್ತೆ ತಿರುಗಿಸುತ್ತಲೇ ಇರಬೇಕಾಗುತ್ತದೆ. ಎಲ್ಲ ಗಾಡಿಯಲ್ಲೂ ನಾಲ್ಕೂ ಇರುವುದಿಲ್ಲ, ಕೆಲವಕ್ಕೆ ಕೀಲೇ ಇಲ್ಲ.

ಆಮೇಲೆ ಪರೀಕ್ಷೆ. ಹ್ಯಾಂಡಲನ್ನು ಒಂದು ಬದಿಗೆ ಪೂರ್ತಿ ತಿರುಗಿಸಿ. ಹೊರಗಡೆಯ ಭುಜ ಸೀಟಿನಿಂದ ಮೇಲೆದ್ದರೆ ಹ್ಯಾಂಡಲ್ ದೂರ. ಒಳಗಡೆಯ ಹಿಡಿ ಹೊಟ್ಟೆಗೋ ಎದೆಗೋ ಒತ್ತಿದರೆ ಹತ್ತಿರ. ಮಣಿಕಟ್ಟು ಮೇಲಕ್ಕೂ ಕೆಳಕ್ಕೂ ಮುರಿಯದೆ ಮುಂಗೈಗೆ ನೇರವಾಗಿರಬೇಕು. ಕೈ ಚಾಚುವ ಜಾತಿಯದಾದರೂ ಮೊಣಕೈ ಪೂರ್ತಿ ನೆಟ್ಟಗಾಗಬಾರದು, ಇಲ್ಲದಿದ್ದರೆ ತಗ್ಗಿನ ಏಟು ನೇರ ಭುಜಕ್ಕೆ. ಕೊನೆಗೆ, ಎದುರು ನೋಡಿ. ಹ್ಯಾಂಡಲಾಗಲಿ, ಅದಕ್ಕೆ ಕಟ್ಟಿದ ಮೊಬೈಲ್, ದೀಪ, ಗಂಟೆಗಳಾಗಲಿ ಹತ್ತು ಹೆಜ್ಜೆ ಮುಂದಿನ ರಸ್ತೆಯನ್ನು ಮರೆ ಮಾಡುವಂತಿದ್ದರೆ ಕೈಗೆ ಎಷ್ಟೇ ಹಿತವಿದ್ದರೂ ಅದು ಎತ್ತರವಾಯಿತು.

ಹ್ಯಾಂಡಲ್ ತಿರುವಿದ್ರ ಮೊಣಕಾಲಿಗೆ ಬಡಿತೈತಿ.

ಎದೆಯ ಮುಂದೆ ಹಿಡಿಯುವ ಹ್ಯಾಂಡಲ್ ಆಗಿದ್ದರೆ ಕಂಬವನ್ನು ಎತ್ತರಿಸಿ ಹಿಡಿಗಳನ್ನು ಮೊಣಕಾಲಿನ ಮೇಲಿನಿಂದ ಹಾಯಿಸಿ, ಇಲ್ಲವೇ ನಿಮ್ಮ ಕಡೆಗೆ ಎಳೆದು ಮೊಣಕಾಲಿಗಿಂತ ಹಿಂದೆ ತನ್ನಿ. ಅಗಲದ ಹ್ಯಾಂಡಲ್ ಆಗಿದ್ದರೆ ಹಿಡಿಗಳು ಮೊಣಕಾಲಿನ ಹೊರಗಿರಬೇಕು; ಸಾಲದಿದ್ದರೆ ಇನ್ನೂ ಅಗಲದ್ದು ಬೇಕು. ಇದಕ್ಕೆಲ್ಲ ಮೊದಲು ಪೆಡಲ್ ಹತ್ತಿರವಾಗಿಲ್ಲವೇ ನೋಡಿ, ಏಕೆಂದರೆ ಬೂಮ್ ಗಿಡ್ಡವಾದರೆ ಮೊಣಕಾಲು ಬೇಕಾದ್ದಕ್ಕಿಂತ ಮೇಲೇಳುತ್ತದೆ. ಪೆಡಲ್ ಕೂರುವ ತೋಳು, ಅಂದರೆ ಕ್ರ್ಯಾಂಕ್, ಗಿಡ್ಡದ್ದು ಹಾಕಿಸುವುದೂ ಒಂದು ದಾರಿ. ಸಾದಾ ಸೈಕಲ್‌ನ 170 ಮಿ.ಮೀ. ಕ್ರ್ಯಾಂಕಿನ ಬದಲು 155 ಹಾಕಿಸಿದರೆ ಮೊಣಕಾಲು ಏಳುವುದೂ ಕಡಿಮೆ, ಮಡಚುವುದೂ ಕಡಿಮೆ. ಆಗ ಬೂಮನ್ನು ಆ 15 ಮಿ.ಮೀ.ನಷ್ಟೇ ಹೊರಗೆ ತೆಗೆಯುವುದನ್ನು ಮರೆಯಬೇಡಿ.

ಪೆಡಲ್ ಕೆಳಗೆ ಮುಂದಿನ ಗಾಲಿ ಇರುವ ಗಿಡ್ಡ ಗಾಡಿಗಳಲ್ಲಿ ನಿಧಾನವಾಗಿ ಪೂರ್ತಿ ತಿರುವು ತೆಗೆದುಕೊಳ್ಳುವಾಗ ಹಿಮ್ಮಡಿ ಟೈರಿಗೆ ತಾಗುವುದುಂಟು. ಅದು ಗಾಡಿಯ ಹುಟ್ಟುಗುಣ, ಹ್ಯಾಂಡಲ್‌ನಿಂದ ಹೋಗುವುದಿಲ್ಲ. ತಾಗುವ ಕಡೆಯ ಪಾದವನ್ನು ಗಾಲಿಯಿಂದ ದೂರ ನಿಲ್ಲಿಸಿ ತಿರುವು ಮುಗಿಸಿ, ಆಮೇಲೆ ತುಳಿಯಿರಿ.

ಬಿಡೂ ಮುಂದ ಹ್ಯಾಂಡಲ್ ಗಡಗಡ ನಡಗತೈತಿ. ಬೀಳೂದೊಂದ ಬಾಕಿ.

ಹೊಸಬರಿಗೆಲ್ಲ ಇದು ಇದ್ದದ್ದೇ. ಆದರೂ ಗಾಡಿಯಲ್ಲೇ ದೋಷವಿಲ್ಲ ಎಂದು ಖಾತ್ರಿ ಮಾಡಿಕೊಳ್ಳಿ. ಮುಂದಿನ ಬ್ರೇಕ್ ಹಿಡಿದು ಗಾಡಿಯನ್ನು ಹಿಂದೆ ಮುಂದೆ ಅಲ್ಲಾಡಿಸಿ; ಮುಂದಿನ ಗಾಲಿ ಹಿಡಿದಿರುವ ಫೋರ್ಕಿನ ಮೇಲುಗಡೆ ಟಕ್ ಟಕ್ ಅಂದರೆ ಫೋರ್ಕು ತಿರುಗುವ ಜಾಗದ ಹೆಡ್‌ಸೆಟ್ ಬೇರಿಂಗ್ ಸಡಿಲಾಗಿದೆ. ಮುಂದಿನ ಗಾಲಿ ಎತ್ತಿ ಹ್ಯಾಂಡಲ್ ತಟ್ಟಿದಾಗ ತಡೆದು ತಡೆದು ತಿರುಗಿದರೆ ಅತಿ ಬಿಗಿಯಾಗಿದೆ. ಎರಡರಲ್ಲೂ ಗಾಡಿ ಓಲಾಡುತ್ತದೆ.

ಬೇರಿಂಗ್ ಸರಿ ಇದ್ದರೆ ಹಿಡಿ ಎಷ್ಟು ಹಿಂದಿದೆ ನೋಡಿ. ಫೋರ್ಕಿನ ಅಚ್ಚಿಗಿಂತ ಹಿಡಿಗಳು ಬಹಳ ಹಿಂದಿದ್ದರೆ ತಿರುಗಿಸಲು ಕೈಗಳೆರಡೂ ಎಡಬಲಕ್ಕೆ ಬೀಸಬೇಕಾಗುತ್ತದೆ. ಜೋರಾಗಿ ಹೋಗುವಾಗ ಇದು ಸ್ಥಿರ ಅನ್ನಿಸಿದರೂ ನಡಿಗೆಯ ವೇಗದಲ್ಲಿ ಕೈ ಗೊಂದಲಕ್ಕೆ ಬೀಳುತ್ತದೆ. ಕೀಲು ಇದ್ದರೆ ಹಿಡಿಗಳನ್ನು ಸ್ವಲ್ಪ ಮುಂದಕ್ಕೆ ತಳ್ಳಿ ನೋಡಿ.

ಉಳಿದದ್ದು ಸವಾರನ ಕೈಯಲ್ಲಿದೆ. ಹ್ಯಾಂಡಲನ್ನು ಬಿಗಿಯಾಗಿ ಹಿಡಿದರೆ ಪ್ರತಿ ತುಳಿತವೂ ಭುಜದಿಂದ ಕೈಗೆ, ಕೈಯಿಂದ ಗಾಲಿಗೆ ಇಳಿಯುತ್ತದೆ. ತುಂಬಿದ ಚಾದ ಬಶಿ ಹಿಡಿದಷ್ಟೇ ಬಲ ಸಾಕು. ಹಗುರ ಗೇರಿನಲ್ಲಿಟ್ಟು, ಒಂದು ಪೆಡಲ್ ನಿಮ್ಮ ಕಡೆಯ ತುದಿ ದಾಟಿ ತುಸು ಮೇಲೆ ಬಂದಿರುವಂತೆ ಮಾಡಿ, ಬೆನ್ನನ್ನು ಸೀಟಿಗೆ ಒತ್ತಿ ಒಂದೇ ಸಲ ಜೋರಾಗಿ ತುಳಿಯಿರಿ. ಎರಡನೆಯ ಕಾಲು ಎಲ್ಲಿದೆ ಎಂದು ಕೆಳಗೆ ನೋಡಬೇಡಿ, ದೂರದ ಕಂಬವೋ ಮರವೋ ಕಣ್ಣಲ್ಲಿರಲಿ. ಕಲಿಯುವುದು ಖಾಲಿ ಮೈದಾನದಲ್ಲಾಗಲಿ, ಚನ್ನಮ್ಮ ಸರ್ಕಲ್‌ನಲ್ಲಂತೂ ಬೇಡ.

ನನ್ನ ಹ್ಯಾಂಡಲ್ ಸೀಟಿನ ಕೆಳಗ ಐತಿ. ಅದಕೂ ಇದ ಲೆಕ್ಕೇನು?

ಅಲ್ಲ. ಅಲ್ಲಿ ಕೈಗಳು ಮೈಯ ಎರಡೂ ಪಕ್ಕ ಇಳಿಬಿದ್ದಿರುತ್ತವೆ, ಅದೇ ಅದರ ಸುಖ. ಬಲಗೈ ಹಿಂದಕ್ಕೆ ಎಳೆದರೆ ಬಲಕ್ಕೆ, ಎಡಗೈ ಎಳೆದರೆ ಎಡಕ್ಕೆ. ಹಿಡಿ ಬಹಳ ಹಿಂದಿದ್ದರೆ ಭುಜ ಹಿಂದಕ್ಕೆ ಜಗ್ಗುತ್ತದೆ. ಬಹಳ ಮುಂದಿದ್ದರೆ ತಿರುಗಿಸುವಾಗ ತೊಡೆಗೆ ತಾಗುತ್ತದೆ. ತೋಳು ಇಳಿಬಿಟ್ಟು ಮೊಣಕೈ ತುಸುವೇ ಮಡಚಿ, ಹೆಬ್ಬೆರಳು ಮೇಲಿರುವಂತೆ ಹಿಡಿಯಲು ಸಿಗಬೇಕು. ಕೆಲವು ಗಾಡಿಗಳಲ್ಲಿ ಹ್ಯಾಂಡಲ್‌ನಿಂದ ಫೋರ್ಕಿಗೆ ಒಂದು ರಾಡ್ ಇರುತ್ತದೆ. ಹ್ಯಾಂಡಲ್ ನೆಟ್ಟಗಿದ್ದಾಗ ಗಾಲಿಯೂ ನೆಟ್ಟಗಿರಬೇಕು. ಇಲ್ಲದಿದ್ದರೆ ರಾಡಿನ ತುದಿಯ ಚೆಕ್‌ನಟ್ ಸಡಿಲಿಸಿ ಉದ್ದ ಸರಿಮಾಡಿ ಮತ್ತೆ ಗಟ್ಟಿಯಾಗಿ ಬಿಗಿಯಿರಿ. ಈ ನಟ್ ಬಿಚ್ಚಿಕೊಂಡರೆ ಗಾಡಿಗೆ ಹ್ಯಾಂಡಲ್ಲೇ ಇಲ್ಲದಂತಾಗುತ್ತದೆ, ಅದಕ್ಕೆ ತಿಂಗಳಿಗೊಮ್ಮೆ ಕೈಹಾಕಿ ನೋಡುವುದು ಒಳ್ಳೆಯದು. ಗಾಡಿ ಪಕ್ಕಕ್ಕೆ ಬಿದ್ದರೆ ಮೊದಲು ನೆಲಕ್ಕೆ ಬಡಿಯುವುದೂ ಈ ಹ್ಯಾಂಡಲ್ಲೇ. ಬಿದ್ದ ಮೇಲೆ ಬಾಗಿದೆಯೇ ನೋಡದೆ ಹತ್ತಬೇಡಿ.

ಮೂರು ಗಾಲಿದು ಐತ್ರಿ, ಮುಂದ ಎರಡು.

ಹಾಗಿದ್ದರೆ ಸಮತೋಲನದ ಚಿಂತೆ ಇಲ್ಲ, ಆದರೆ ಹ್ಯಾಂಡಲ್ ಮೇಲೆ ತೋಳಿನ ಭಾರ ಹಾಕಿ ಕೂರುವ ಚಟ ಬೇಗ ಹತ್ತುತ್ತದೆ. ಹತ್ತಿ ಇಳಿಯುವಾಗಲೂ ಜನ ಹ್ಯಾಂಡಲನ್ನೇ ಊರುತ್ತಾರೆ. ಫ್ರೇಮನ್ನು ಊರಿ. ಮುಂದಿನ ಎರಡು ಗಾಲಿ ಒಂದಕ್ಕೊಂದು ಸರಿಯಾಗಿವೆಯೇ ಅನ್ನುವುದೂ ಇಲ್ಲಿ ಮುಖ್ಯ. ಸೀಟಿನಲ್ಲಿ ಒಬ್ಬರು ಕೂತಿರುವಾಗ, ಅಚ್ಚಿನ ಎತ್ತರದಲ್ಲಿ ಎರಡು ರಿಮ್‌ಗಳ ನಡುವಿನ ಅಂತರವನ್ನು ಮುಂದುಗಡೆಯೂ ಹಿಂದುಗಡೆಯೂ ಅಳೆಯಿರಿ. ಮುಂದುಗಡೆ 1ರಿಂದ 2 ಮಿ.ಮೀ. ಕಡಿಮೆ ಇದ್ದರೆ ಸರಿ. ವ್ಯತ್ಯಾಸ ಹೆಚ್ಚಾದರೆ ಟೈರು ರಸ್ತೆಯನ್ನು ಉಜ್ಜುತ್ತ ಹೋಗಿ ಬೇಗ ಸವೆಯುತ್ತದೆ, ಗಾಡಿಯೂ ಭಾರ ಅನ್ನಿಸುತ್ತದೆ. ಕಂಪನಿ ಬೇರೆ ಅಂಕಿ ಹೇಳಿದ್ದರೆ ಅದನ್ನೇ ಪಾಲಿಸಿ.

ಹ್ಯಾಂಡಲ್ ಎತ್ತರ ಮಾಡಿದ ಮ್ಯಾಲೆ ಬ್ರೇಕ್ ತಾನ ಹಿಡಿಯಾಕತ್ತೇತಿ.

ವೈರು ಗಿಡ್ಡವಾಗಿದೆ. ಹ್ಯಾಂಡಲನ್ನು ಎರಡೂ ಬದಿಗೆ ಪೂರ್ತಿ ತಿರುಗಿಸಿ, ಬ್ರೇಕ್ ವೈರೂ ಗೇರ್ ವೈರೂ ಎಲ್ಲೂ ಜಗ್ಗಬಾರದು. ಹೊರಗಿನ ಕವಚ ಸಮೇತ ಉದ್ದದ ವೈರು ಹಾಕಿಸಿ. ಹಿಂದಿನ ಬ್ರೇಕಿಗೆ ಸಾದಾ ಸೈಕಲ್‌ನ ವೈರು ಬಹುತೇಕ ಗಾಡಿಗಳಲ್ಲಿ ಸಾಲುವುದಿಲ್ಲ. ಎರಡು ಸೀಟಿನ ಟ್ಯಾಂಡೆಮ್ ಸೈಕಲ್‌ಗೆ ಬರುವ ಉದ್ದದ ವೈರು ಕೇಳಿ ತರಿಸಿಕೊಳ್ಳಿ, ನಡುವೆ ಗಂಟು ಹಾಕಿಸುವ ಜುಗಾಡ್ ಬ್ರೇಕಿಗೆ ಬೇಡವೇ ಬೇಡ.

ಬೋಲ್ಟ ಎಷ್ಟ ಬಿಗೀಬೇಕು?

ನಮ್ಮ ಸೈಕಲ್ ಅಂಗಡಿ ಕಾಕಾಗಳ ಕೈಗೆ ಬಲ ಹೆಚ್ಚು, ಪಾನಾ ಹಿಡಿದರೆ ಇನ್ನೊಂದು ಸುತ್ತು ಹಾಕಿಯೇ ಬಿಡುವುದು. ಹಳೆಯ ಉಕ್ಕಿನ ಸೈಕಲ್‌ಗೆ ಅದು ನಡೆಯುತ್ತಿತ್ತು. ಅಲ್ಯೂಮಿನಿಯಂ ಕ್ಲ್ಯಾಂಪಿಗೆ ಅಂಕಿ ನೋಡಿ ಬಿಗಿಯಬೇಕು. ಹ್ಯಾಂಡಲ್ ಹಿಡಿಯುವ ಕ್ಲ್ಯಾಂಪಿನ ಬೋಲ್ಟುಗಳಿಗೆ ಸಾಮಾನ್ಯವಾಗಿ 5ರಿಂದ 6 ನ್ಯೂಟನ್ ಮೀಟರ್. ಕ್ಲ್ಯಾಂಪ್ ಮೇಲೇ ಕೆತ್ತಿದ್ದರೆ ಆ ಅಂಕಿಯೇ ಅಂತಿಮ. ಬೂಮ್ ಕ್ಲ್ಯಾಂಪಿಗೆ ಗಾಡಿಯ ಕೈಪಿಡಿ ನೋಡಿ. 4, 5, 6 ಮಿ.ಮೀ. ಅಲೆನ್ ಕೀ ಇದ್ದರೆ ಹೆಚ್ಚಿನ ಕೆಲಸ ಮುಗಿಯುತ್ತದೆ, ಬಿಗಿಯುವ ಬಲವನ್ನು ಅಂಕಿಯಲ್ಲಿ ತೋರಿಸುವ ಟಾರ್ಕ್ ರೆಂಚ್ ಒಂದನ್ನು ನಾಲ್ಕು ಜನ ಸೇರಿ ಕೊಂಡರೂ ಸಾಕು. ನಾಲ್ಕು ಬೋಲ್ಟಿನ ಕ್ಲ್ಯಾಂಪನ್ನು ಮೂಲೆಯಿಂದ ಮೂಲೆಗೆ ಸ್ವಲ್ಪ ಸ್ವಲ್ಪವೇ ಬಿಗಿಯುತ್ತ ಬನ್ನಿ, ಮೇಲೆ ಕೆಳಗೆ ಸಂದು ಸಮವಾಗಿರಲಿ. ಕಾರ್ಬನ್ ಹ್ಯಾಂಡಲ್ ಅಥವಾ ಬೂಮ್ ಇದ್ದರೆ ಗ್ರೀಸ್ ಹಚ್ಚಬಾರದು, ಅದಕ್ಕೆ ಬೇರೆ ಪೇಸ್ಟ್ ಬರುತ್ತದೆ.

ಬಿಗಿದ ಮೇಲೆ ಒಬ್ಬರು ಮುಂದಿನ ಗಾಲಿಯನ್ನು ಕಾಲ ನಡುವೆ ಗಟ್ಟಿ ಹಿಡಿಯಲಿ, ಇನ್ನೊಬ್ಬರು ಹ್ಯಾಂಡಲ್ ತಿರುವಿ ನೋಡಲಿ. ಜಾರಬಾರದು. ಮೊದಲ ದೊಡ್ಡ ಸವಾರಿಯ ನಂತರ ಎಲ್ಲ ಬೋಲ್ಟುಗಳನ್ನೂ ಮತ್ತೊಮ್ಮೆ ನೋಡಿ.

ಅರ್ಧ ತಾಸಿಗೆ ಪಾದ ಜೋಮ ಹಿಡಿತೈತಿ. ಇದೂ ಹ್ಯಾಂಡಲ್ ದೋಷೇನು?

ಅಲ್ಲ. ಪಾದಗಳು ಎತ್ತರದಲ್ಲಿರುವುದರಿಂದಲೂ, ಪಾದದ ಒಂದೇ ಜಾಗದ ಮೇಲೆ ಒತ್ತಡ ಬೀಳುವುದರಿಂದಲೂ ಹೀಗಾಗುತ್ತದೆ. ಬೂಟಿನ ತಳ ಗಟ್ಟಿ ಇರಲಿ, ಲೇಸು ಸಡಿಲಿರಲಿ. ಪೆಡಲ್‌ಗೆ ಸಿಕ್ಕಿಸುವ ಬೂಟಾದರೆ ಅದರ ತಳದ ಕೊಕ್ಕೆಯನ್ನು, ಅಂದರೆ ಕ್ಲೀಟನ್ನು, ಹಿಮ್ಮಡಿ ಕಡೆ ಸರಿಸಿ. ಭಾರದ ಗೇರು ಬಿಟ್ಟು ನಿಮಿಷಕ್ಕೆ 80-90 ಸುತ್ತು ತುಳಿಯಿರಿ. ಧಾರವಾಡ ಹುಬ್ಬಳ್ಳಿಗಿಂತ ಎತ್ತರದಲ್ಲಿದೆ. ಆ ಕಡೆ ಹೋಗುವಾಗ ಎದ್ದು ನಿಂತು ತುಳಿಯುವ ದಾರಿ ಈ ಗಾಡಿಯಲ್ಲಿ ಇಲ್ಲವಾದ್ದರಿಂದ ಹಗುರ ಗೇರೇ ಗತಿ. ನೃಪತುಂಗ ಬೆಟ್ಟ ಹತ್ತುವವರಿಗಂತೂ ಇನ್ನೂ ಸಣ್ಣ ಗೇರು ಬೇಕು.

ಕುಂಡಿ ನೋವಾದರೆ ಸೀಟು ಬಹಳ ನೆಟ್ಟಗಾಗಿದೆ, ತುಸು ಮಲಗಿಸಿ. ಕುತ್ತಿಗೆ ನೋವಾದರೆ ಬಹಳ ಮಲಗಿದೆ, ಏಳಿಸಿ.

ಜೋಮಿಗಿಂತ ದೊಡ್ಡ ಮಾತೊಂದಿದೆ. ಮೂರು ಗಾಲಿಯ ಗಾಡಿಯಲ್ಲಿ ಪಾದ ಪೆಡಲ್‌ನಿಂದ ಜಾರಿ ನೆಲಕ್ಕೆ ತಾಗಿದರೆ ಗಾಡಿ ಕಾಲಿನ ಮೇಲೇ ಹರಿದು ಮುರಿತ ಆಗಬಹುದು. ಕ್ಲೀಟ್ ಅಥವಾ ಹಿಮ್ಮಡಿಗೆ ಪಟ್ಟಿ ಇಲ್ಲದೆ ಆ ಗಾಡಿಯನ್ನು ರಸ್ತೆಗೆ ಇಳಿಸಬೇಡಿ.

ಧೋತರ, ಸೀರಿ ಉಟಗೊಂಡು ಹೊಡಿಬಹುದೇನು?

ಬ್ಯಾಡ್ರಿ. ಸಾದಾ ಸೈಕಲ್‌ನ ಎರಡೂವರೆ-ಮೂರು ಪಟ್ಟು ಉದ್ದದ ಚೈನು ಸೀಟಿನ ಕೆಳಗಿಂದ ಹಾದುಹೋಗುತ್ತದೆ. ಸೆರಗು, ಕಚ್ಚೆ ಯಾವುದು ಸಿಕ್ಕರೂ ಬಿಡುವುದಿಲ್ಲ. ಕಾಲುಗಳು ಮುಂದೆ ಮೇಲಿರುವುದರಿಂದ ಗಾಳಿಗೂ ಫಜೀತಿ. ಚೂಡಿದಾರ್ ಆದರೆ ಓಢಣಿ ಬಿಗಿದು ಕಟ್ಟಿ, ಪ್ಯಾಂಟಿನ ಅಂಚಿಗೆ ಕ್ಲಿಪ್ ಹಾಕಿಕೊಂಡರೆ ನಡೆಯುತ್ತದೆ.

ಮನ್ಯಾಗ ನಾನೂ ನಮ್ಮ ತಮ್ಮನೂ ಇಬ್ಬರೂ ಹೊಡಿತೇವಿ. ದಿನಾ ಬಿಚ್ಚಿ ಕಟ್ಟಬೇಕೇನು?

ಇಬ್ಬರ ಕಾಲಿನ ವ್ಯತ್ಯಾಸ ಒಂದು ಸೆಂಟಿಮೀಟರ್‌ನೊಳಗಿದ್ದರೆ ಉದ್ದ ಕಾಲಿನವರಿಗೆ ಹೊಂದಿಸಿ, ಗಿಡ್ಡ ಕಾಲಿನವರು ಬೆನ್ನ ಹಿಂದೆ ಸ್ಪಂಜಿನ ತೆಳುವಾದ ಪಟ್ಟಿ ಇಟ್ಟುಕೊಳ್ಳಲಿ. ಪಟ್ಟಿ ಅವರನ್ನು ಪೆಡಲ್ ಹತ್ತಿರಕ್ಕೆ ತಳ್ಳುತ್ತದೆ. ವ್ಯತ್ಯಾಸ ಹೆಚ್ಚಿದ್ದರೆ ಬೂಮ್ ಮೇಲೆ ಎರಡು ಬಣ್ಣದ ಗೆರೆ ಎಳೆದಿಟ್ಟು ಸರಿಸುವುದೇ ಸರಿ. ಚೈನು ಉದ್ದ ಕಾಲಿನವರ ಅಳತೆಗಿರಲಿ.

ಸಾಮಾನು ಎಲ್ಲಿ ಸಿಗತಾವು?

ಬ್ರೇಕ್, ಪೆಡಲ್, ಗೇರ್, ಹಿಡಿಗಳೆಲ್ಲ ಹೆಚ್ಚಾಗಿ ಸಾದಾ ಗೇರ್ ಸೈಕಲ್‌ನವೇ, ಹುಬ್ಬಳ್ಳಿಯ ದೊಡ್ಡ ಸೈಕಲ್ ಅಂಗಡಿಗಳಲ್ಲಿ ಕೇಳಿ. ಟೈರು ಕೊಳ್ಳುವಾಗ ಹುಷಾರು. 20 ಇಂಚು ಅನ್ನುವ ಹೆಸರಿನಲ್ಲೇ 406 ಮತ್ತು 451 ಎಂಬ ಎರಡು ಅಳತೆ ಇವೆ, ಒಂದರ ರಿಮ್ಮಿಗೆ ಇನ್ನೊಂದು ಕೂರುವುದಿಲ್ಲ. ಹಳೆಯ ಟೈರಿನ ಪಕ್ಕದ ಅಂಕಿ ಓದಿಕೊಂಡು ಹೋಗಿ. ಹ್ಯಾಂಡಲ್ ಕಂಬಕ್ಕೆ ಬುಷ್ಷೋ, ಬೂಮಿಗೆ ಸ್ಲೀವೋ ಬೇಕಾದರೆ ಗೋಕುಲ ರಸ್ತೆ ಕೈಗಾರಿಕಾ ಪ್ರದೇಶದ ಲೇಥ್ ಕೆಲಸದವರಲ್ಲಿ ಹೋಗಿ, ಬರೀ ಬಾಯಲ್ಲಿ ಹೇಳದೆ ವರ್ನಿಯರ್‌ನಲ್ಲಿ ಅಳೆದ ಅಂಕಿ, ಸಾಧ್ಯವಾದರೆ ಹಳೆಯ ತುಂಡು ಒಯ್ಯಿರಿ.

ಕನ್ನಡಿ ಎಲ್ಲಿ ಹಾಕಬೇಕು? ಚಿಗರಿ ಬಸ್ಸಿನ ದಾರ್ಯಾಗ ಹೋದ್ರ ನಡಿತೈತೇನು?

ಒರಗಿ ಕೂತವರು ಹಿಂತಿರುಗಿ ನೋಡುವುದು ಕಷ್ಟ, ಕನ್ನಡಿ ಇರಲೇಬೇಕು. ನಮ್ಮಲ್ಲಿ ಬಲಗಡೆಯಿಂದ ದಾಟುತ್ತಾರಾದ್ದರಿಂದ ಮೊದಲ ಕನ್ನಡಿ ಬಲಹಿಡಿಗೆ, ಹ್ಯಾಂಡಲ್ ಹೊಂದಿಸಿ ಮುಗಿದ ಮೇಲೆ. ತಗ್ಗು ಗಾಡಿಗೆ ಎತ್ತರದ ಬಾವುಟವೂ ಬೇಕು. ಚಿಗರಿ ಓಡುವ ಬಿಆರ್‌ಟಿಎಸ್ ದಾರಿ ಬಸ್ಸಿಗೆ ಮೀಸಲು, ಅತ್ತ ಹೋಗಬೇಡಿ.

ಇದನ್ನ ರೇಸಿಗೆ ಹಚ್ಚಬಹುದೇನು?

ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟದ (ಯುಸಿಐ) ನಿಯಮದ ರೇಸುಗಳಿಗೆ ಇಲ್ಲ. 1933ರ ಜುಲೈನಲ್ಲಿ ಫ್ರಾನ್ಸಿಸ್ ಫೋರ್ ಎಂಬ ಫ್ರೆಂಚ್ ಸವಾರ ಚಾರ್ಲ್ಸ್ ಮೋಶೆ ಮಾಡಿದ ಒರಗು ಸೈಕಲ್‌ನಲ್ಲಿ ಒಂದು ತಾಸಿಗೆ 45.055 ಕಿ.ಮೀ. ಹೋಗಿ, 1914ರಿಂದ ನಿಂತಿದ್ದ ಆಸ್ಕರ್ ಎಗ್‌ನ 44.247 ಕಿ.ಮೀ. ದಾಖಲೆ ಮುರಿದ. ಮರುವರ್ಷವೇ ಯುಸಿಐ ಈ ಬಗೆಯ ಗಾಡಿಗಳನ್ನು ಹೊರಗಿಟ್ಟಿತು. ಆ ತೀರ್ಮಾನ ನನಗಂತೂ ಇವತ್ತಿಗೂ ಹೊಟ್ಟೆಕಿಚ್ಚಿನದಾಗಿಯೇ ಕಾಣುತ್ತದೆ. ಗೊತ್ತಾದ ಸಮಯದೊಳಗೆ ಮುಗಿಸಬೇಕಾದ ದೂರದ ಸವಾರಿಗಳಲ್ಲಿ, ಅಂದರೆ ಬ್ರೆವೆಗಳಲ್ಲಿ, ಅಡ್ಡಿಯಿಲ್ಲ, 200 ಕಿ.ಮೀ.ಗೆ 13 ತಾಸು 30 ನಿಮಿಷ ಸಮಯವಿರುತ್ತದೆ. ಅಂಥದ್ದಕ್ಕೆ ಹೋಗುವ ಹಿಂದಿನ ವಾರ ಮಾತ್ರ ಯಾವ ಬೋಲ್ಟನ್ನೂ ಸಡಿಲಿಸಿ ಹೊಸ ಅಳತೆ ಪ್ರಯೋಗ ಮಾಡಬೇಡಿ.

ಮಳಿಗಾಲ ಮುಗದ ಮ್ಯಾಲೆ ಎಲ್ಲಾ ಮತ್ತ ಹೊಂದಸಬೇಕೇನು?

ಅಳತೆ ಹಾಗೇ ಇರುತ್ತದೆ, ಗೆರೆ ಎಳೆದಿಟ್ಟಿದ್ದರೆ. ಬೂಮನ್ನು ಒಮ್ಮೆ ಹೊರಗೆಳೆದು ಒರೆಸಿ, ಲೋಹದ್ದಾದರೆ ತೆಳ್ಳಗೆ ಗ್ರೀಸ್ ಸವರಿ ಗೆರೆಗೆ ಸರಿಯಾಗಿ ಕೂರಿಸಿ. ವರ್ಷಗಟ್ಟಲೆ ಬಿಚ್ಚದೆ ಬಿಟ್ಟರೆ ಕಚ್ಚಿಕೊಂಡು ಕೂರುತ್ತದೆ. ಹೊಲದ ದಾರಿಗೆ ಇಳಿದವರ ಗಾಡಿಯಲ್ಲಿ ಎರೆಮಣ್ಣು ಮಡ್‌ಗಾರ್ಡ್ ಒಳಗೆ, ಚೈನು ಹಾಯುವ ರಾಟೆಯ ಸಂದಿಯಲ್ಲಿ ಒಣಗಿ ಕಲ್ಲಾಗಿರುತ್ತದೆ. ಅದನ್ನು ಕೆರೆದು ತೆಗೆಯುವ ಬದಲು ಒದ್ದೆ ಬಟ್ಟೆ ಸುತ್ತಿ ರಾತ್ರಿಯಿಡೀ ಬಿಟ್ಟರೆ ಮೆತ್ತಗಾಗುತ್ತದೆ. ಹೆಡ್‌ಸೆಟ್ ಬೇರಿಂಗಿಗೆ ನೀರು ಇಳಿದಿದ್ದರೆ ಹ್ಯಾಂಡಲ್ ತಿರುಗಿಸುವಾಗ ಉಸುಕು ಅರೆದಂಥ ಸದ್ದು ಬರುತ್ತದೆ. ಆಗ ಬಿಚ್ಚಿಸಿ ಹೊಸ ಗ್ರೀಸ್ ಹಾಕಿಸಿ, ಬೇರಿಂಗ್ ಸವೆದಿದ್ದರೆ ಬದಲಿಸಿ.